ಪಿಯಾನೋ ಹೊದ್ದ ಕೌದಿ

ನಾನೊಂದು ಕೌದಿ. ಹುಬ್ಬಳ್ಳಿಯ ದ್ಯಾಮವ್ವನ ಮನೆಕಟ್ಟೆಯ ಮೇಲೆ, ಹಳೆಯ ಇಳಕಲ್ ಸೀರೆ, ಹರಿದ ಧೋತರಗಳ ತುಂಡುಗಳಿಂದ ಹುಟ್ಟಿದೆ. ಕೊನೆಯ ಅಂಚು ಹೊಲಿಯುವ ಮೊದಲು ದ್ಯಾಮವ್ವ ನನ್ನೊಳಗೆ ಒಂದು ರೊಟ್ಟಿ ಚೂರು ಇಟ್ಟಳು. ಕೌದಿ ಹಸಿದಿರಬಾರದು ಎಂಬುದು ಅವರ ಮನೆಯ ಪದ್ಧತಿ. "ಹೊಟ್ಟಿ ತುಂಬಿದ್ರ ಬೆಚ್ಚಗ ಇಡತೈತಿ," ಎಂದಳು.

ಆದರೆ ನಾನು ಮನುಷ್ಯರ ಹೊದಿಕೆಯಾಗಲಿಲ್ಲ. ದ್ಯಾಮವ್ವನ ಗಂಡ ಯಮನಪ್ಪ ಹಮಾಲ. ಸಂಗೀತ ಕಲಿಸುವ ಪ್ರಫುಲ್ಲಾ ಅಕ್ಕೋರ ಪಿಯಾನೋವನ್ನು ಚರ್ಚಿಗೆ, ಶಾಲೆಗೆ, ಮದುವೆ ಮಂಟಪಕ್ಕೆ ಸಾಗಿಸುವವನು ಅವನೇ. ಗೋಡೆಗೆ ಒರಗಿ ನಿಲ್ಲುವ, ಬೀರುವಿನಂಥ ಪಿಯಾನೋ ಅದು. ಬಾಗಿಲುಗಳಿಗೆ ತಾಗಿ ತಾಗಿ ಅದರ ಮೂಲೆಗಳೆಲ್ಲ ಚಕ್ಕೆ ಎದ್ದಿದ್ದವು. ಅದಕ್ಕೇ ನನ್ನನ್ನು ಹೊದಿಸಿದರು.

"ಮುಂದಿನ ಕಾಲ ಹಿಡದು ಎತ್ತಬ್ಯಾಡ್ರಪಾ, ಅವು ಬರೇ ಚಂದಕ್ಕ ಅದಾವ!" ಎಂದು ಅಕ್ಕೋರು ಪ್ರತಿ ಸಲ ಕೂಗುತ್ತಿದ್ದರು.

"ನಮ್ಮ ಹಮಾಲರ ಮ್ಯಾಲಿನ ಮುಕಾದಮನಂಗ ಅನ್ರಿ," ಎಂದು ಯಮನಪ್ಪ ನಗುತ್ತಿದ್ದ.

ಗಾಡಿ ಕುಣಿದರೂ ಹಗ್ಗ ಬಿಗಿದರೂ ಪೆಟ್ಟೆಲ್ಲ ನನಗೇ. ಪಿಯಾನೋಕ್ಕೆ ಒಂದು ಗೀರೂ ಬೀಳಲಿಲ್ಲ. ನನಗೆ ಜಂಬ ಬಂತು. ತಿರುಗಾಟ ಹೆಚ್ಚಾದಂತೆ ನನ್ನನ್ನು ತೆಗೆಯುವುದನ್ನೇ ಬಿಟ್ಟರು. ಆ ಮಳೆಗಾಲದಲ್ಲಿ ಕರೆಯುವವರಿಲ್ಲದೆ, ಕ್ರಿಸ್‌ಮಸ್‌ವರೆಗೂ ಯಾರೂ ನುಡಿಸದೆ, ಪಿಯಾನೋ ನನ್ನನ್ನು ಹೊದ್ದೇ ನಿಂತಿತ್ತು.

ಚರ್ಚಿನಲ್ಲಿ ಕ್ರಿಸ್‌ಮಸ್ ಹಾಡುಗಳ ಸಂಜೆ ದ್ಯಾಮವ್ವನ ಮಗಳು ರೇಣುಕಾ ಮೊದಲ ಸಲ ಒಬ್ಬಳೇ ಹಾಡಲು ನಿಂತಳು. ಅವಳಿಗೆ ಹಾಡು ಕಲಿಸಿದ್ದು ಅಕ್ಕೋರೇ. ಅವರು ಪಿಯಾನೋದ ಕೀ ಒತ್ತಿದರೆ ಕೆಲವು ಟಕ್ ಎಂದವು, ಕೆಲವು ಮೂಕವಾದವು. ತಾನೇ ತಪ್ಪಿದೆನೆಂದುಕೊಂಡು ಹುಡುಗಿ ಅಳುತ್ತ ಇಳಿದುಹೋದಳು.

ಮುಂದಿನ ಹಲಗೆ ಬಿಚ್ಚಿ ನೋಡಿದರು. ತಂತಿ ಬಡಿಯುವ ಪುಟ್ಟ ಸುತ್ತಿಗೆಗಳ ಉಣ್ಣೆ ಮೆತ್ತೆಯನ್ನೆಲ್ಲ ಕಡಿದು ಇಲಿ ಗೂಡು ಕಟ್ಟಿತ್ತು. ನನ್ನ ಅಂಚಿನಲ್ಲೂ ಒಂದು ತೂತು. ತೂತಿನ ಬಾಯಲ್ಲಿ ರೊಟ್ಟಿ ಪುಡಿ. ನನ್ನ ಹೊಟ್ಟೆಯ ವಾಸನೆ ಹಿಡಿದು ಬಂದ ಇಲಿ, ನನ್ನ ಮರೆಯಲ್ಲೇ ಒಳಗೆ ನುಗ್ಗಿತ್ತು. ಹೊರಗಿನ ಪೆಟ್ಟು ತಡೆದೆನೆಂದು ಬೀಗುತ್ತಿದ್ದವಳು ನಾನು. ಅಷ್ಟು ಜನರ ಮುಂದೆ ನೆಲದ ಮೇಲೆ ಬಿಚ್ಚಿ ಬಿದ್ದಿದ್ದೆ. ಮುದುಡಿಕೊಳ್ಳಲೂ ಕೈಕಾಲಿಲ್ಲ.

ದ್ಯಾಮವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. "ಮಗಳ ಹಾಡು ನಾನಽ ಕೆಡಿಸಿದೆ ಅಕ್ಕೋರ. ಸುಟ್ಟ ಬಿಡ್ರಿ ಈ ಕೌದೀನ."

"ಸುಟ್ಟರ ನಾಳೆ ಪಿಯಾನೋಕ್ಕ ಏನ ಹೊದಸ್ತಿ, ನಿನ್ನ ಸೀರೀನ? ಹೊಟ್ಟಿ ಬಿಚ್ಚು, ರೊಟ್ಟಿ ತಗಿ, ಮತ್ತ ಹೊಲಿ. ಇಳಿಸಿದ ಕೂಡ್ಲೆ ಕೌದಿ ತಗದು ಬಿಸಿಲಿಗೆ ಹಾಕಲಿಲ್ಲ, ಅದು ನಂದೂ ತಪ್ಪ," ಎಂದರು ಅಕ್ಕೋರು.

ದ್ಯಾಮವ್ವ ಬಿಚ್ಚಿದಳು. ನನ್ನನ್ನು ಖಾಲಿ ಹೊಟ್ಟೆಯಲ್ಲಿ ಹೊಲಿಯಲು ಮನಸ್ಸು ಬಾರದೆ ಒಣ ಬೇವಿನೆಲೆ ತುಂಬಿದಳು. ಆ ಕಹಿ ನನಗೆ ತಕ್ಕದ್ದೇ ಎಂದುಕೊಂಡೆ. ಮೆತ್ತೆಗಳನ್ನೂ ಹೊಸದಾಗಿ ಹಾಕಿಸಿದರು. ಒಂದು ಸುತ್ತಿಗೆ ಮಾತ್ರ ಸರಿಹೋಗಲಿಲ್ಲ; ಅದರ ಕೀ ಮೂಕವಾಗಿಯೇ ಉಳಿಯಿತು.

ಈಗ ನಾನು ಜೀರ್ಣವಾಗಿದ್ದೇನೆ. ಪಿಯಾನೋ ಅಕ್ಕೋರ ಮನೆಯಿಂದ ಕದಲುವುದಿಲ್ಲ. ನಾನು ಅದರ ಮುಂದಿನ ಸ್ಟೂಲಿನ ಮೇಲೆ ಮಡಚಿ ಬಿದ್ದಿರುತ್ತೇನೆ. ದೊಡ್ಡವಳಾದ ರೇಣುಕಾ ನನ್ನ ಮೇಲೆಯೇ ಕುಳಿತು ನುಡಿಸುತ್ತಾಳೆ. ಆ ಮೂಕ ಕೀ ಹತ್ತಿರ ಬಂದಂತೆ ನಾನು ನಾಚಿಕೆಯಿಂದ ಹಿಡಿಯಾಗುತ್ತೇನೆ. ಅವಳು ಮಾತ್ರ ಬೆರಳು ತಪ್ಪಿಸುವುದಿಲ್ಲ. ಅದನ್ನು ಒತ್ತಿ, ಆ ಒಂದು ಸ್ವರವನ್ನು ಬಾಯಿಂದಲೇ ಹಾಡಿ, ಮುಂದೆ ಹೋಗುತ್ತಾಳೆ.