ಅವರ ಪಾವು, ನಮ್ಮ ಹಾಲು

ಕೈಗಡಿಯಾರ ಸಿಂಗಪುರದ ಅಂಗಡಿಯೊಂದರ ಗಾಜಿನ ಮೇಜಿನ ಮೇಲಿತ್ತು. ಕತ್ತಲಲ್ಲೂ ಮುಳ್ಳು ಹೊಳೆಯುವಂಥದ್ದು, ಬೆಲೆ ನೂರೈವತ್ತು ಸಿಂಗಪುರ ಡಾಲರ್. ಆ ಡಾಲರ್ ಇನ್ನೂ ಮೂವತ್ತು ರೂಪಾಯಿ ಮುಟ್ಟಿರದ ಕಾಲ. ಹಾಸನದ ಹತ್ತಿರದ ದುದ್ದದ ಬೆಟ್ಟಮ್ಮ ಗಡಿಯಾರವನ್ನು ಗಂಡ ದೇವರಾಜುವಿಗೆಂದು ಆರಿಸಿದ್ದಳು. ಮದುವೆಯಾಗಿ ಮೂವತ್ತೆರಡು ವರ್ಷಕ್ಕೆ ಅವಳು ತನ್ನ ದುಡ್ಡಿನಲ್ಲಿ ಗಂಡನಿಗೆ ಕೊಳ್ಳುತ್ತಿದ್ದ ಮೊದಲ ವಸ್ತು ಅದು. ಡೇರಿಗೆ ಹಾಲು ಹಾಕಿ ಕೂಡಿಟ್ಟದ್ದನ್ನು ಮಗಳು ಧನ್ಯಾಳ ಕೈಗೆ ಕೊಟ್ಟಿದ್ದಳು. ಹಾಸನದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಧನ್ಯಾ ಅದನ್ನು ತನ್ನ ಖಾತೆಗೆ ಹಾಕಿ, ಬ್ಯಾಂಕಿನ ಕಾರ್ಡು ಹಿಡಿದು, ಅವ್ವನನ್ನು ಐದು ದಿನದ ಪ್ರವಾಸಕ್ಕೆ ಕರೆತಂದಿದ್ದಳು.

ಇವತ್ತೇ ಕೊನೆಯ ದಿನ. ಜೇಬಿನ ನೋಟೆಲ್ಲ ಖರ್ಚಾಗಿತ್ತು. ಖಾತೆಯಲ್ಲಿ ನಾಲ್ಕು ಸಾವಿರದ ಮುನ್ನೂರು ರೂಪಾಯಿ ಉಳಿದಿತ್ತು. ಧನ್ಯಾ ನಿನ್ನೆಯೇ ಬ್ಯಾಂಕಿಗೆ ಫೋನ್ ಮಾಡಿ ಖಚಿತ ಮಾಡಿಕೊಂಡಿದ್ದಳು, ಎರಡು ಸಲ. ವಿಮಾನ ನಿಲ್ದಾಣಕ್ಕೆ ಹೋಗುವ ಬಸ್ಸು ಹೊರಗೆ ಹಾರನ್ ಮಾಡುತ್ತಿತ್ತು.

ಅಂಗಡಿಯ ಹುಡುಗಿ ಕಾರ್ಡು ಉಜ್ಜಿ ಮೆಷಿನ್ನನ್ನು ಇವರತ್ತ ತಿರುಗಿಸಿದಳು. ಎರಡು ಮೊತ್ತ ಮೂಡಿದ್ದವು: ನೂರೈವತ್ತು ಡಾಲರ್, ಇಲ್ಲವೆ ನಾಲ್ಕು ಸಾವಿರದ ಇನ್ನೂರ ತೊಂಬತ್ತು ರೂಪಾಯಿ. ಯಾವುದು ಬೇಕೋ ಒತ್ತಿ ಎಂದಳು.

ಧನ್ಯಾಳ ಬೆರಳು ಗಾಳಿಯಲ್ಲೇ ನಿಂತಿತು.

"ಯೋಚನೆ ಏನಮ್ಮಾ, ರೂಪಾಯಿ ಒತ್ತು," ಎಂದರು ಹಿಂದೆ ನಿಂತಿದ್ದ ಗುಂಡಯ್ಯ ಮೇಷ್ಟ್ರು, ಚನ್ನರಾಯಪಟ್ಟಣದಿಂದ ಬಂದಿದ್ದ ಸಹಪ್ರಯಾಣಿಕರು. "ಐದು ದಿನದಿಂದ ನಾನು ಎಲ್ಲಾ ಕಡೆ ರೂಪಾಯೀನೇ. ಇಲ್ಲೂ ನಮ್ಮ ದುಡ್ಡು ನಡೆಯುತ್ತೆ ಅಂದ್ರೆ ಹೆಮ್ಮೆ ಅಲ್ವೇ?"

ಧನ್ಯಾಳಿಗೆ ಹೆಮ್ಮೆಗಿಂತ ಧೈರ್ಯ ಬೇಕಾಗಿತ್ತು. ರೂಪಾಯಿಯಾದರೆ ಕಣ್ಣಿಗೆ ಕಾಣುವ ಮೊತ್ತ, ಹತ್ತು ರೂಪಾಯಿ ಮಿಗುತ್ತದೆ ಕೂಡ. ಅದನ್ನೇ ಒತ್ತಿದಳು. ಮೆಷಿನ್ನು ಸ್ವಲ್ಪ ಹೊತ್ತು ಸುಮ್ಮನಿದ್ದು, ಒಲ್ಲೆ ಎಂದಿತು.

ಹೊರದೇಶದ ಖರೀದಿಗೆ ಬ್ಯಾಂಕು ನೂರಕ್ಕೆ ಮೂರೂವರೆ ಹಿಡಿಯುತ್ತದೆಂದು ಫೋನಿನಲ್ಲಿ ಹೇಳಿದ್ದರು. ರೂಪಾಯಿಯಲ್ಲಿ ಕೊಟ್ಟರೆ ಅದು ತಪ್ಪುತ್ತದೆಂದು ತಾನೇ ಅಂದುಕೊಂಡಿದ್ದಳು. ಆದರೆ ಆ ಮೂರೂವರೆ ತಪ್ಪಿರಲಿಲ್ಲ; ಅದು ಸೇರಿ ಮೊತ್ತ ಖಾತೆಯಲ್ಲಿದ್ದುದನ್ನು ಮೀರಿತ್ತು.

"ಬಿಡವ್ವ, ದುಡ್ಡು ಸಾಲದು. ಹೋಗೋಣ."

ಬೆಟ್ಟಮ್ಮ ಕದಲಲಿಲ್ಲ. "ಡಾಲ್ರುನ್ನ ರೂಪಾಯಿ ಮಾಡ್ದೋರು ಯಾರು?"

"ಅಂಗಡಿಯೋರ ಮೆಷಿನ್ನು."

"ದುಡ್ಡು ಈಸ್ಕೊಳೋರು?"

"ಅವರೇ."

"ಅಂಗಾರೆ ಆಯ್ತು ಬುಡು. ಡೇರಿ ಸೊಸೈಟಿ ಬರೋಕ್ ಮುಂಚೆ ಓಟ್ಲೋನು ಆಲಿಗೆ ಬರೋವಾಗ ಅವ್ನ ಪಾವೇ ತರೋನು. ಆ ಪಾವ್ಗೆ ಒಟ್ಟೆ ಉಬ್ಬಿರ್ತಿತ್ತು ಕಣವ್ವ, ಜಾಸ್ತಿ ಆಲು ಇಡ್ಯೋದು. ನಾಕ್ ಪಾವು ಅಂತ ಕರ್ದು ಉಯ್ದ್ರೆ ಮೂರೂವರೆ ಅನ್ನೋನು. ಕೊಳ್ಳೋನ ಕೈಲಿ ಅಳತೆ ಮಾಡಿಸ್ಬಾರ್ದು, ಮಾರೋನ ಕೈಲೂ ಮಾಡಿಸ್ಬಾರ್ದು. ನಿನ್ ಬ್ಯಾಂಕ್ನೋನೇ ಅಳತೆ ಮಾಡ್ಲಿ, ಅವ್ರ ದುಡ್ಡೇ ಒತ್ತು."

"ರೂಪಾಯಿಗೇ ಆಗಲಿಲ್ಲವಲ್ಲವ್ವ. ಇನ್ನೊಂದು ಸಲ ಒಲ್ಲೆ ಅಂದ್ರೆ?"

"ಅಂದ್ರೆ ಅನ್ಲಿ. ಎಮ್ಮೆ ಒಂದ್ಸಲ ಒದೀತು ಅಂತ ಕರೆಯೋದ್ ಬುಡ್ತಾರಾ?"

ಅಂಗಡಿಯ ಹುಡುಗಿಗೆ ಮಾತು ಅರ್ಥವಾಗದಿದ್ದರೂ ನಗು ಬಂತು. ಅವಳು ಮತ್ತೆ ಕಾರ್ಡು ಉಜ್ಜಿದಳು. ಧನ್ಯಾ ಕಣ್ಣು ಮುಚ್ಚಿ ಡಾಲರ್ ಒತ್ತಿದಳು. ಮೆಷಿನ್ನು ಯೋಚಿಸಿತು. ಹೊರಗೆ ಬಸ್ಸು ಮತ್ತೆ ಕೂಗಿತು. ಆಮೇಲೆ ಕರ್ರನೆ ಚೀಟಿ ಹೊರಬಂತು; ಬ್ಯಾಂಕಿನ ದರದಲ್ಲಿ, ಮೂರೂವರೆ ಸೇರಿಯೂ, ದುಡ್ಡು ಸಾಲಿತ್ತು.

ಗುಂಡಯ್ಯ ಮೇಷ್ಟ್ರು ಜೇಬಿನಿಂದ ಐದು ದಿನದ ಚೀಟಿಗಳ ಕಟ್ಟು ತೆಗೆದು ಒಂದೊಂದಾಗಿ ನೋಡತೊಡಗಿದರು. ಕನ್ನಡಕ ಮೂಗಿನ ತುದಿಗೆ ಇಳಿದಿತ್ತು.

"ನಾನೇ ಮಕ್ಕಳಿಗೆ ಲೆಕ್ಕ ಹೇಳ್ಕೊಡ್ತಿದ್ದೆ," ಎಂದರು ಮೆಲ್ಲಗೆ.

"ಓಗ್ಲಿ ಬುಡಿ ಮೇಷ್ಟ್ರೆ," ಎಂದಳು ಬೆಟ್ಟಮ್ಮ. "ನೀವು ಎಮ್ಮೆ ಸಾಕಿರ್ನಿಲ್ವಲ್ಲ."

ಹುಡುಗಿ ಗಡಿಯಾರವನ್ನು ಡಬ್ಬಿಗೆ ಹಾಕಲು ಹೋದಾಗ ಬೆಟ್ಟಮ್ಮ ತಡೆದು, ಅದನ್ನು ತನ್ನ ಕೈಗೇ ಕಟ್ಟಿಕೊಂಡಳು. ಪಟ್ಟಿ ಸಡಿಲವಾಗಿ ಬಳೆಗಳ ಮೇಲೆ ಜಾರಿತು.

"ಧನ್ಯಾ, ಮುಳ್ಳು ನಮ್ಮೂರ್ ಟೇಮ್ಗೆ ಎರಡೂವರೆ ಗಂಟೆ ಇಂದಕ್ ತಿರುಗ್ಸು. ನಿಮ್ಮಪ್ಪ ಈಗ ಎಮ್ಮೆ ಮೈ ತೊಳೀತಾ ಇರ್ತಾರೆ."