ಮೊದಲ ಮುದ್ರಣ, ಒಂದೇ ಪ್ರತಿ

ಪುಸ್ತಕ ಬರೆಯಲು ರೋಹಿದಾಸನಿಗೆ ಆರು ವರ್ಷ ಹಿಡಿದಿತ್ತು. ಅದನ್ನು ಅಚ್ಚು ಹಾಕಿಸುವುದು ಹೇಗೆಂದು ವಿಚಾರಿಸುವಷ್ಟರಲ್ಲೇ ಆರು ತಿಂಗಳಲ್ಲಿ ಹಣ್ಣಾಗಿಹೋದ.

ಗಲ್ಫಿನಲ್ಲಿ, ಮಂಗಫ್‌ನ ಕೇಟರಿಂಗ್ ಕಂಪೆನಿಯಲ್ಲಿ ಅವನು ಸ್ಟೋರ್‌ಕೀಪರ್. ರಿಫೈನರಿ ಕೆಲಸಗಾರರಿಗೆ ದಿನಾ ಅನ್ನ ಬೇಯಿಸುವ ಅಲ್ಲಿನ ಅಡುಗೆಮನೆಯ ಕಥೆಯೇ ಅವನ ಪುಸ್ತಕ. ಹೆಸರು ‘ಸಾವಿರ ಮಂದಿಗೆ ಸಾರು’. ಕಥಾನಾಯಕ ಅವನ ರೂಮಿನವನೇ, ಹೆಡ್ ಕುಕ್ ಬೊನವೆಂಚರ್. ಮೂವತ್ತೊಂದು ವರ್ಷ ಸೌಟು ತಿರುಗಿಸಿದವನು ಈ ಗುರುವಾರ ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಹೊರಟಿದ್ದ, ಮರಳಿ ಬರುವವನಲ್ಲ. ಅವನು ವಿಮಾನ ಹತ್ತುವ ಮೊದಲು, ಅವನಿಗೇ ಗೊತ್ತಿಲ್ಲದ ಈ ಪುಸ್ತಕ ಅವನ ಕೈಯಲ್ಲಿರಬೇಕು. ರೋಹಿದಾಸನಿಗೆ ಇದ್ದದ್ದು ಅದೊಂದೇ ಹಟ.

ಗುಟ್ಟು ಗೊತ್ತಿದ್ದದ್ದು ಊರಲ್ಲಿರುವ ಹೆಂಡತಿ ಸುಗಂಧಿಗೆ. ಬೆಂಗಳೂರಿನ ಪ್ರಕಾಶನದ ಹುಡುಗಿ ಜೇನು ಸುರಿಸುವುದನ್ನು ಅವನು ಫೋನಿನಲ್ಲಿ ಹೆಂಡತಿಗೆ ಹಾಗೆಯೇ ಮಾಡಿ ತೋರಿಸಿದ: “ಸಾರ್, ನಮ್ಮಲ್ಲಿ ಸಿಲ್ವರ್, ಗೋಲ್ಡ್, ಡೈಮಂಡ್ ಪ್ಯಾಕೇಜ್ ಇದೆ ಸಾರ್. ಡೈಮಂಡಲ್ಲಿ ಮುನ್ನುಡಿನೂ ನಾವೇ ಬರೆಸ್ಕೊಡ್ತೀವಿ ಸಾರ್.”

“ಪುಸ್ತಕದಂಗಡಿಯಾ, ಬಂಗಾರದಂಗಡಿಯಾ ಮಾರಾಯ್ರೆ? ಎಷ್ಟು ದಿನ ಬೇಕಂತೆ?”

“ಮೂರು ತಿಂಗಳು.”

ಕನ್ನಡ ಸಂಘದ ಶ್ಯಾಮಸುಂದರ್ ಮೈಸೂರಿನ ಎಂಜಿನಿಯರು. ಅವರ ಮೂಗುದನಿಯೂ ರೋಹಿದಾಸನ ಗಂಟಲಲ್ಲಿತ್ತು: “ನೋಡಿ ರೋಹಿದಾಸ್, ಪಬ್ಲಿಷರ್ ಯಾಕ್ರೀ? ನೀವೇ ಅಪ್‌ಲೋಡ್ ಮಾಡಿ. ಆರ್ಡರ್ ಬಂದಷ್ಟೇ ಪ್ರಿಂಟು. ಹಕ್ಕೂ ನಿಮ್ದೇ, ಕಷ್ಟಾನೂ ನಿಮ್ದೇ!” ಮೂರು ಸಂಜೆ ಕೂತು ಅಪ್‌ಲೋಡ್ ಮಾಡಿದರೆ ಒತ್ತಕ್ಷರಗಳೆಲ್ಲ ಕಳಚಿ ಬಿದ್ದಿದ್ದವು. ಇ-ಪುಸ್ತಕ ಮಾಡೋಣವೆಂದರೆ ಬೊನವೆಂಚರ್ ಫೋನಿನಲ್ಲಿ ನೋಡುವುದು ಮೊಮ್ಮಗಳ ಮುಖವನ್ನು ಮಾತ್ರ. ಊರಿನ ಪ್ರೆಸ್ಸಿನವನು ಹತ್ತೇ ದಿನದಲ್ಲಿ ಕೊಡುತ್ತಿದ್ದ. ಆದರೆ ತರುವವರು ಯಾರು? ಊರಿಂದ ಬರುವವರ ಬ್ಯಾಗಿನಲ್ಲಿ ಒಣಮೀನಿಗೆ ಜಾಗ ಉಂಟು, ಕಥೆಗಿಲ್ಲ.

ಕೊನೆಗೆ ಬುಧವಾರ ಡ್ಯೂಟಿ ಮುಗಿಸಿ, ಕಾಲೆಳೆದುಕೊಂಡು ಫಹಾಹೀಲ್‌ನ ಟೈಪಿಂಗ್ ಸೆಂಟರಿಗೆ ಹೋದ. ಜನರ ಇಕಾಮಾ, ಅಂದರೆ ವಾಸದ ಪರ್ಮಿಟ್ಟಿನ ಫಾರಂ ತುಂಬಿಕೊಡುವ ಮುಝಮ್ಮಿಲ್ ಪೆನ್‌ಡ್ರೈವ್ ಚುಚ್ಚಿ ಕೇಳಿದ, “ಕಿತ್ನಾ ಕಾಪಿ, ಭಾಯಿ?”

“ಏಕ್.”

ಹಾಳೆಗಳಿಗೆ ತೂತು ಬಿತ್ತು, ಸುರುಳಿ ಕೂತಿತು, ಕಂಪೆನಿ ಕಾಗದಗಳಿಗೆ ಹಾಕುವ ಅದೇ ನೀಲಿ ಪ್ಲಾಸ್ಟಿಕ್ ರಟ್ಟು ಬಂತು. “ಖಲಾಸ್!” ಅಂದ ಮುಝಮ್ಮಿಲ್.

ಗುರುವಾರ ಮಧ್ಯಾಹ್ನ ಬೊನವೆಂಚರ್ ಸೂಟ್‌ಕೇಸನ್ನು ತೂಕದ ಕೊಕ್ಕೆಗೆ ನೇತುಹಾಕಿ ನೋಡುತ್ತಿದ್ದ. ಮಿತಿಗೆ ಸರಿಯಾಗಿತ್ತು, ಒಂದು ಕರ್ಚೀಫಿಗೂ ಜಾಗವಿಲ್ಲ. ಎಲ್ಲರ ದನಿ ತೆಗೆಯುವ ರೋಹಿದಾಸ ಆಗ ಯಾರ ದನಿಯನ್ನೂ ತೆಗೆಯದೆ ಪುಸ್ತಕ ಚಾಚಿದ. “ತಗೊ,” ಅಂದದ್ದಷ್ಟೆ.

ಬೊನವೆಂಚರ್ ರಟ್ಟು ನೋಡಿದವನೇ ಸೀದಾ ಕೊನೆಯ ಪುಟಕ್ಕೆ ಹೋಗಿ ಜೇಬಿನಿಂದ ಪೆನ್ನು ಎಳೆದ. “ಈ ಕಂಪೆನಿಯವರದ್ದು ಇನ್ನೂ ಮುಗಿಲಿಲ್ವಾ? ಬೆಳಿಗ್ಗೆಯಿಂದ ಸೈನ್ ಹಾಕಿ ಹಾಕಿ ಕೈ ಬಿದ್ದುಹೋಯ್ತು.” ಕಥೆಯ ಕೊನೆಯ ಸಾಲಿನ ಕೆಳಗೆ ರುಜು ಗೀಚಿಯೇಬಿಟ್ಟ. “ಎಲ್ಲ ಪೇಜಿಗೂ ಬೇಕಾ?”

ರೋಹಿದಾಸ ಅವನ ಕೈಯಿಂದ ಪೆನ್ನು ಕಸಿದುಕೊಂಡ. “ಸೈನಿಗಲ್ಲ ಮಾರಾಯ, ಓದ್ಲಿಕ್ಕೆ. ಕನ್ನಡ ಅದು. ನಾನು ಬರೆದದ್ದು.”

ಬೊನವೆಂಚರ್ ಕನ್ನಡಕ ಹುಡುಕಿ ಹಾಕಿಕೊಂಡ. ಸೂಟ್‌ಕೇಸಿನ ಮೇಲೆಯೇ ಕೂತು, ತುಟಿ ಅಲ್ಲಾಡಿಸುತ್ತ ಮೊದಲ ಪುಟ ಓದಿದ. ಇನ್ನೊಂದು ಓದಿದ.

“ಇದು ನಾನಲ್ವಾ?”

“ಹೌದು.”

“ಸಾರಿಗೆ ಎರಡು ಸಲ ಉಪ್ಪು ಬಿದ್ದದ್ದನ್ನೂ ಬರೆದದ್ದಾ, ಕಳ್ಳ!”

“ಬೇಡದಿದ್ರೆ ತೆಗೀತೇನೆ.”

“ಇನ್ನೆಂತ ತೆಗಿಯುವುದು? ಸೈನ್ ಹಾಕಿ ಆಯ್ತಲ್ಲ. ಎಲ್ಲ ಒಪ್ಪಿದ ಹಾಗೆಯೇ.”

ಕೆಳಗೆ ವ್ಯಾನು ಹಾರ್ನ್ ಹೊಡೆಯಿತು. ಬೊನವೆಂಚರ್ ಸೂಟ್‌ಕೇಸ್ ಬಿಚ್ಚಿ, ಮೊಮ್ಮಗಳಿಗೆಂದು ಇಟ್ಟ ಹಾಲಿನ ಪುಡಿಯ ಡಬ್ಬಿಯನ್ನು ತೆಗೆದು ರೋಹಿದಾಸನ ಮಂಚದ ಮೇಲಿಟ್ಟ. ಅದರ ಜಾಗದಲ್ಲಿ ಪುಸ್ತಕ ಇಟ್ಟು ಜಿಪ್ ಎಳೆದ.

ಸಂಜೆ ರೋಹಿದಾಸ ಆ ಪುಡಿಯಲ್ಲೇ ಚಾ ಮಾಡಿ, ಎದುರಿನ ಖಾಲಿ ಮಂಚ ನೋಡುತ್ತ ಕೂತಿದ್ದಾಗ ಬೆಂಗಳೂರಿನ ಫೋನು ಬಂತು. “ಸಾರ್, ಯಾವ ಪ್ಯಾಕೇಜ್ ಅಂತ ಡಿಸೈಡ್ ಮಾಡಿದ್ರಾ ಸಾರ್?”

“ಮೊದಲ ಮುದ್ರಣ ಮುಗಿಯಿತಮ್ಮ,” ಅಂದ ರೋಹಿದಾಸ. “ಒಂದು ಪ್ರತಿಯೂ ಉಳಿದಿಲ್ಲ.”

ಫೋನು ಪಕ್ಕಕ್ಕಿಟ್ಟು, ಬೂಟು ಬಿಚ್ಚುವಷ್ಟೂ ತ್ರಾಣವಿಲ್ಲದೆ ಹಾಗೆಯೇ ಅಡ್ಡಾದ.