ಕುಕ್ಕರ್ ಮಾರೋಕೆ ಅಷ್ಟು ನಗು

ಹಾಗೆ ಬರೆದದ್ದು ತನ್ನ ತಪ್ಪೇ, ಇಲ್ಲ ಅವಳು ಅದನ್ನು ಇಷ್ಟೊಂದು ಮನಸ್ಸಿಗೆ ಹಚ್ಚಿಕೊಂಡದ್ದು ತಪ್ಪೇ? ಊಟದ ಮೇಜಿನ ಬಳಿ ಹೆಂಡತಿಯ ಎದುರು ಕೂತವನನ್ನು ಇದೇ ಪ್ರಶ್ನೆ ಕೊರೆಯುತ್ತಿತ್ತು. ಅವಳು ಟಿವಿಯ ಶಾಪಿಂಗ್ ಚಾನೆಲ್‌ನಲ್ಲಿ ಸಾಮಾನು ಮಾರುವ ನಿರೂಪಕಿ. ವೀಕ್ಷಕರ ಅಭಿಪ್ರಾಯಗಳನ್ನು ಚೀಟಿಗಳಲ್ಲಿ ಮುದ್ರಿಸಿ, ಪ್ರತಿ ಸೋಮವಾರ ಮೇಕಪ್ ರೂಮಿನ ಕನ್ನಡಿಗೆ ಅಂಟಿಸುವುದು ಅಲ್ಲಿನ ರೂಢಿ.

"ಈ ಸಲ ಒಬ್ಬರು ಅಜ್ಜಿ, 'ನಿನ್ನ ಮಾತು ಕೇಳ್ತಾ ಕೇಳ್ತಾ ಮೂರನೇ ಕುಕ್ಕರ್ ತಗೊಂಡುಬಿಟ್ಟೆ ಮಗಳೇ' ಅಂತ ಬರೆದಿದ್ದಾರೆ ಕಣ್ರೀ," ಎಂದಳು.

"ಮತ್ತೆ ಮುಖ ಯಾಕೆ ಹೀಗೆ?"

"ಹೋದ ತಿಂಗಳಿನ ಆ ಚೀಟಿ ಇದೆಯಲ್ಲ, 'ಕುಕ್ಕರ್ ಮಾರೋಕೆ ಅಷ್ಟು ಹಲ್ಲು ಕಿರೀಬೇಕಾ' ಅಂತ. ನಗೋಕೆ ಹೋದ್ರೆ ಅದೇ ಕಣ್ಣಿಗೆ ಕಟ್ಟುತ್ತೆ. ನಿಮಗೂ ಹಾಗನ್ಸುತ್ತಾ?"

"ಯಾರೋ ಕೆಲಸವಿಲ್ಲದವನು, ಬಿಡು," ಎಂದು ಅವನು ತಟ್ಟೆ ನೋಡಿದ.

ಮೊದಲೆಲ್ಲ ಆ ನಗು ಅವನೊಬ್ಬನದೇ ಆಗಿತ್ತು. ಅದನ್ನು ಊರಿಗೆಲ್ಲ ಹಂಚುತ್ತಿದ್ದಾಳೆಂದು ಹೊಟ್ಟೆ ಉರಿದ ಒಂದು ಮಧ್ಯಾಹ್ನ, ಆಫೀಸಿನ ಕಂಪ್ಯೂಟರಿನಲ್ಲಿ ಹೆಸರು ಹಾಕದೆ ಆ ಸಾಲು ಕಳಿಸಿದ್ದ. ಈಗ ಅವಳು ಊರಿಗೂ ನಗುತ್ತಿರಲಿಲ್ಲ, ಮನೆಯಲ್ಲೂ ನಗುತ್ತಿರಲಿಲ್ಲ.

ಅದನ್ನು ಬರೆದವನು ತಾನೇ ಎಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.